ಐದು ನಿಮಿಷದ ಪ್ರತಿಷ್ಠಾಪನೆ

ನನ್ನ ಹೆಂಡತಿಗೆ ಸಂಯಮ ಜಾಸ್ತಿ ಎಂದು ಅವಳ ಸ್ಕೂಲಿನವರೆಲ್ಲ ಹೊಗಳುತ್ತಾರೆ. ಹೊಗಳಲಿ, ಅವರಿಗೇನು? ಆ ಸಂಯಮದ ಜೊತೆ ಸಂಸಾರ ಮಾಡುವವನು ನಾನು. ಕೂಗಾಡುವ ಹೆಂಡತಿಯಾದರೆ ತಿರುಗಿ ಕೂಗಾಡುವ ಅವಕಾಶವಾದರೂ ಗಂಡನಿಗಿರುತ್ತದೆ. ಇವಳು ನನ್ನನ್ನು ಒಂದು ಸಲ ನೋಡಿ "ಆಯ್ತು ಬಿಡಿ" ಅಂದರೆ ಮುಗಿಯಿತು, ಎರಡು ದಿನ ನನಗೆ ಊಟ ರುಚಿಸುವುದಿಲ್ಲ.

ಈ ಸಲದ "ಆಯ್ತು ಬಿಡಿ"ಗೆ ಕಾರಣ ನಮ್ಮ ಮನೆಯ ಕಂಪ್ಯೂಟರು. ಅದಕ್ಕೆ ವಯಸ್ಸಾಗಿತ್ತು. ಬೆಳಿಗ್ಗೆ ಬಟನ್ ಒತ್ತಿ ಸ್ನಾನಕ್ಕೆ ಹೋದರೆ, ತಲೆ ಒರೆಸಿಕೊಂಡು, ತಿಂಡಿ ತಿಂದು ಬರುವಷ್ಟರಲ್ಲಿ ಕಣ್ಣು ಬಿಡುತ್ತಿತ್ತು. ಬಿಟ್ಟ ಕೂಡಲೇ ತನ್ನನ್ನು ನವೀಕರಿಸಿ ಎಂದು ರಗಳೆ ತೆಗೆಯುತ್ತಿತ್ತು. ಹೆಂಡತಿಗೋ ಅದು ಬೇಕೇ ಬೇಕು. ಹೈಸ್ಕೂಲಿನಲ್ಲಿ ಟೀಚರಾಗಿರುವ ಅವಳ ತಲೆಗೆ ಈ ವರ್ಷ ಟೈಮ್‌ಟೇಬಲ್ ಹಾಕುವ ಹೊಣೆ ಬಂದಿತ್ತು. ಹದಿನಾಲ್ಕು ಕ್ಲಾಸು, ಇಪ್ಪತ್ತೆರಡು ಟೀಚರುಗಳು. ಗಣಿತದವರಿಗೆ ಊಟದ ನಂತರದ ಪೀರಿಯಡ್ ಬೇಡ, ಡ್ರಿಲ್ ಮಾಸ್ತರರಿಗೆ ಬಿಸಿಲು ಬೇಡ, ಸಂಗೀತದವರ ಪಕ್ಕದ ಕೋಣೆ ಯಾರಿಗೂ ಬೇಡ. ಇಷ್ಟನ್ನೂ ಹೊಂದಿಸಿ ಸೋಮವಾರ ಬೆಳಿಗ್ಗೆ ಹೆಡ್‌ಮಿಸ್ ಮೇಜಿನ ಮೇಲೆ ಇಡಬೇಕು. ಇದು ಸರಿಹೋದರೆ ಅವಳನ್ನು ಉಪಮುಖ್ಯಸ್ಥೆ ಮಾಡುವ ಮಾತಿತ್ತು. ಆ ಪದವಿಯ ಮೇಲೆ ಅವಳಿಗೆ ನಿಜಕ್ಕೂ ಆಸೆ ಇತ್ತು. ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೆ.

"ನಾನಿದ್ದೀನಲ್ಲ" ಅಂದೆ. (ಈ ಮಾತನ್ನು ಮದುವೆಯಾದ ಹೊಸದರಲ್ಲಿ ಹೇಳಿದಾಗ ಅವಳ ಕಣ್ಣು ಅರಳುತ್ತಿತ್ತು. ಈಗ ಹುಬ್ಬು ಮೇಲೇರುತ್ತದೆ.)

ನಮ್ಮ ನೀರು ಸರಬರಾಜು ಆಫೀಸಿನಲ್ಲಿ ಒಬ್ಬರಿದ್ದಾರೆ. ಪುಕ್ಕಟೆ ಸಿಗುವುದೆಲ್ಲ ಶ್ರೇಷ್ಠ ಎಂಬ ಸಿದ್ಧಾಂತದವರು, ಹಾಗಾಗಿ ಎಲ್ಲರೂ ಕರೆಯುವುದು ಉಚಿತಣ್ಣ ಅಂತ. ಹಳೇ ಕಂಪ್ಯೂಟರಿಗೆ ಹೊಸ ಜೀವ ತುಂಬುವ ಸಿಸ್ಟಮ್ಮುಗಳು ಬೇಕಾದಷ್ಟಿವೆ, ಓಪನ್ ಸೋರ್ಸ್, ಲಿನಕ್ಸ್, ಯಾರ ಹಂಗೂ ಇಲ್ಲ, ಒಂದನ್ನು ಆರಿಸಿಕೊಂಡರಾಯಿತು ಎಂದು ಅವರು ಉಪದೇಶ ಮಾಡಿದರು. ಆ ಒಂದನ್ನು ಆರಿಸುವುದರಲ್ಲೇ ನನ್ನ ಮೂರು ವಾರ ಹೋಯಿತು. ಹದಿನಾಲ್ಕು ಸಿಸ್ಟಮ್ಮುಗಳ ಪಟ್ಟಿ ಮಾಡಿ, ಅಂದ, ವೇಗ, ಸ್ವಭಾವ ಎಂದು ಅಂಕ ಕೊಟ್ಟು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ. ನನ್ನನ್ನು ಆರಿಸುವಾಗ ನಿಮ್ಮಮ್ಮ ಇಷ್ಟು ವಿಚಾರಿಸಿರಲಿಲ್ಲ ಎಂದು ಹೆಂಡತಿ ಹಾಲು ತೆಗೆಯುವಾಗೆಲ್ಲ ಗೊಣಗುತ್ತಿದ್ದಳು.

ಕೊನೆಗೆ ಅಂತಿಮ ಸುತ್ತಿಗೆ ಮೂರು ಉಳಿದವು. ಸುಲಭವಾಗಿ ಕೂರಿಸಲು ಬರುವಂಥದ್ದಕ್ಕೇ ಪಟ್ಟ ಎಂದು ಘೋಷಿಸಿ, ಮೂರನ್ನೂ ಪೆನ್‌ಡ್ರೈವಿನಲ್ಲಿ ತಂದು, ಅಡುಗೆಮನೆಯ ಗಡಿಯಾರ ಎದುರಿಗಿಟ್ಟುಕೊಂಡು ಕೂತೆ. ಮೊದಲನೆಯದು ಅರ್ಧ ಗಂಟೆ ಬೇಕು ಅಂದಿತು, ತಿರಸ್ಕೃತ. ಎರಡನೆಯದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳಿತು, ಅದೂ ತಿರಸ್ಕೃತ. ಮೂರನೆಯದು ಎರಡು ಬಟನ್ ತೋರಿಸಿತು, ನಾನು ಮೊದಲನೆಯದನ್ನು ಒತ್ತಿದೆ. ಐದೇ ನಿಮಿಷ! ನೀಲಿ ಪರದೆ, ಚಂದದ ಚಿತ್ರಗಳು, ಪ್ರಿಂಟರನ್ನು ಕೂಡ ತಾನಾಗಿಯೇ ಗುರುತಿಸಿತು.

ಆಗ ನನ್ನ ಅತ್ತೆ ಹಿಂದೆ ಬಂದು ನಿಂತರು. ಅವರು ನಮ್ಮ ಜೊತೆಗೇ ಇರುವುದು. ಮೂವತ್ತೊಂದು ವರ್ಷ ಟೈಪಿಸ್ಟ್ ಆಗಿದ್ದು ನಿವೃತ್ತರಾದವರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದುವ ಚಟ. ಮಾತ್ರೆಯ ಡಬ್ಬಿಯಲ್ಲಿ ಮಡಚಿಟ್ಟ ಚೀಟಿ, ಸೋಪಿನ ಕವರು, ಬಸ್ ಟಿಕೆಟ್ಟಿನ ಹಿಂಭಾಗ, ಯಾವುದನ್ನೂ ಬಿಡುವವರಲ್ಲ.

"ಅಳಿಯಂದ್ರೇ, ಅಲ್ಲಿ 'ಪ್ರಯತ್ನಿಸಿ ನೋಡಿ' ಅಂತ ಏನೋ ಇತ್ತಲ್ಲ?"

"ಅತ್ತೆ, ಅದೆಲ್ಲ ನಿಮಗೆ ಅರ್ಥ ಆಗೋದಲ್ಲ ಬಿಡಿ" ಅಂದೆ. ಅವರು ಕನ್ನಡಕ ಒರೆಸಿಕೊಂಡು ಒಳಗೆ ಹೋದರು.

ಮಾರನೆಯ ದಿನ ಆಫ್ ಮಾಡಿ ಆನ್ ಮಾಡಿದರೆ, ನಾನು ಹಾಕಿದ್ದ ನನ್ನದೇ ಫೋಟೋ ಪರದೆಯ ಮೇಲಿರಲಿಲ್ಲ. ಇದು ತನ್ನನ್ನು ತಾನೇ ತೊಳೆದುಕೊಳ್ಳುವ ಸಿಸ್ಟಮ್, ಅಷ್ಟು ಶುದ್ಧ ಎಂದು ಹೆಂಡತಿಗೆ ವಿವರಿಸಿದೆ. ಹಾಗೇ, ಇನ್ನು ಮುಂದೆ ಇದನ್ನು ಆಫ್ ಮಾಡುವ ಅಗತ್ಯವೇ ಇಲ್ಲ, ಯಾರೂ ಮಾಡಕೂಡದು ಎಂದು ಆಜ್ಞೆ ಹೊರಡಿಸಿದೆ. ಅವಳಿಗೂ ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಎಂಟು ದಿನ ಸ್ಕೂಲಿನಿಂದ ಬಂದವಳು ನೇರವಾಗಿ ಅದರ ಮುಂದೆ ಕೂತು ಇಪ್ಪತ್ತೆರಡು ಟೀಚರುಗಳನ್ನು ಅಲ್ಲಿಂದಿಲ್ಲಿಗೆ, ಇಲ್ಲಿಂದಲ್ಲಿಗೆ ಸರಿಸಿದಳು. ಅತ್ತೆ ಮಾತ್ರ ದಿನಾ ಸಂಜೆ ಅದನ್ನೆಲ್ಲ ಪ್ರಿಂಟ್ ತೆಗೆಯುತ್ತಿದ್ದರು. ಕಾಗದ ದಂಡ ಎಂದು ನಾನು ಎರಡು ಸಲ ಹೇಳಿದೆ, ಅವರು ಎರಡು ಸಲವೂ ಕೇಳಿಸಿಕೊಳ್ಳಲಿಲ್ಲ.

ಭಾನುವಾರ ಬಂತು. ನಮ್ಮ ಕೆಳಗಿನ ಮನೆಯಲ್ಲಿ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಅವರ ಕಂಪ್ಯೂಟರಿಗೂ ನಮ್ಮದರ ರೋಗವೇ. ನನ್ನ ಸಾಧನೆ ಕೇಳಿ ಅವರಿಗೂ ಬೇಕು ಅನಿಸಿತ್ತು. ಕೂರಿಸಿ ಆಗಿದೆಯಲ್ಲ, ಇನ್ನು ಈ ಪೆನ್‌ಡ್ರೈವ್ ನಮಗ್ಯಾಕೆ ಎಂದುಕೊಂಡು, ಹೆಂಡತಿ ಎದ್ದು ಸ್ನಾನಕ್ಕೆ ಹೋದಾಗ ಕಿತ್ತುಕೊಂಡು ಕೆಳಗಿಳಿದೆ. ಅಲ್ಲಿ ಕೆನ್ನೆ ಊದಿದ ಐದಾರು ಜನ ಕಾಯುತ್ತಿದ್ದರು. ನನಗೆ ಅಂಥ ಶ್ರೋತೃಗಳು ಹಿಂದೆಂದೂ ಸಿಕ್ಕಿರಲಿಲ್ಲ. ಒಬ್ಬರಿಗೂ ಬಾಯಿ ತೆರೆಯಲಾಗುತ್ತಿರಲಿಲ್ಲ. ಸಿಸ್ಟಮ್ ಆರಿಸುವುದು ಹೇಗೆ, ತಂತ್ರಜ್ಞಾನಕ್ಕೆ ಹೆದರಬಾರದೇಕೆ, ಐದು ನಿಮಿಷದಲ್ಲಿ ನಾನು ಮಾಡಿದ್ದೇನು, ಎಲ್ಲವನ್ನೂ ಅರ್ಧ ಗಂಟೆ ಬೋಧಿಸಿದೆ.

ಫೋನ್ ಬಂತು. "ರೀ, ಸ್ವಲ್ಪ ಮೇಲೆ ಬನ್ನಿ."

ಆ 'ಸ್ವಲ್ಪ' ಕೇಳಿಯೇ ಪೆನ್‌ಡ್ರೈವನ್ನು ಡಾಕ್ಟರ ಮೇಜಿನ ಮೇಲೇ ಬಿಟ್ಟು ಮೆಟ್ಟಿಲು ಹತ್ತಿದೆ.

ಮೇಲೆ ಹೋದರೆ ಪರದೆಯ ಮೇಲೆ ಹಳೇ ಸಿಸ್ಟಮ್ಮು, ಎಲ್ಲಿಗೂ ಹೋಗದವರ ಹಾಗೆ, ತನ್ನನ್ನು ನವೀಕರಿಸಿ ಎನ್ನುತ್ತ ಕೂತಿತ್ತು. ಹೆಂಡತಿ ಕೆಲಸ ಉಳಿಸಲು ಹೋದಾಗ ಎಲ್ಲ ಸ್ತಬ್ಧವಾಯಿತಂತೆ. ಬೇರೆ ದಾರಿ ಕಾಣದೆ ಆಫ್ ಮಾಡಿ ಆನ್ ಮಾಡಿದಳಂತೆ. ಎಂಟು ದಿನದ ಟೈಮ್‌ಟೇಬಲ್ ಎಲ್ಲೂ ಇರಲಿಲ್ಲ. ನಾನು ಹುಡುಕಿದೆ, ಮೇಜಿನ ಕೆಳಗೆ ವೈರುಗಳನ್ನೂ ಅಲುಗಾಡಿಸಿದೆ. ಅವಳು ಕುರ್ಚಿಯಲ್ಲಿ ಕೈಕಟ್ಟಿ ಕೂತಿದ್ದಳು. ಕಣ್ಣು ತುಂಬಿತ್ತು.

"ಆಯ್ತು ಬಿಡಿ" ಅಂದಳು.

ನನಗೆ ನಿಜವಾಗಿ ನಾಚಿಕೆಯಾಯಿತು.

ಅತ್ತೆ ಒಳಗಿನಿಂದ ಬಂದರು. ಕೈಯಲ್ಲಿ ಕ್ಲಿಪ್ ಹಾಕಿದ ಹಾಳೆಗಳ ಕಂತೆ, ತಾರೀಖಿನ ಪ್ರಕಾರ ಜೋಡಿಸಿದ್ದು. ಕೊನೆಯದು ನಿನ್ನೆ ಸಂಜೆಯದು. "ಅವರು ಕೂರಿಸೇ ಇಲ್ಲಮ್ಮಾ. ಪೆನ್‌ಡ್ರೈವಿಂದ ಪ್ರಯತ್ನ ಮಾಡಿ ನೋಡ್ತಾ ಇದ್ರು, ಎಂಟು ದಿನದಿಂದ. ಇವತ್ತು ಅದನ್ನೂ ಕಿತ್ಕೊಂಡು ಹೋದ್ರು. ಆಫ್ ಮಾಡಿದ್ರೆ ಏನೂ ಉಳಿಯಲ್ಲ ಅಂತ ಮೊದಲನೇ ದಿನವೇ ಬರೆದಿತ್ತು. ಊರಿನ ನೀರಿನ ಮೀಟರೆಲ್ಲ ಓದ್ತಾರೆ, ಎದುರಿಗಿದ್ದದ್ದನ್ನ ಓದಲ್ಲ."

ಮೊದಲೇ ಹೇಳಬಾರದಿತ್ತೇ ಅತ್ತೆ ಎಂದೆ. ಹೇಳಿದ್ದೆನಲ್ಲ, ನನಗೆ ಅರ್ಥ ಆಗೋದಲ್ಲ ಅಂದಿರಲ್ಲ, ಅದಕ್ಕೇ ಅರ್ಥವಾಗುವ ಕೆಲಸ ಮಾಡಿಟ್ಟೆ ಎಂದರು.

ನನ್ನನ್ನು ಪೆನ್‌ಡ್ರೈವ್ ತರಲು ಕೆಳಗಟ್ಟಿದರು. ಅದೇ ಐದಾರು ಕೆನ್ನೆಗಳ ಎದುರಿಗೆ ನಾನು ಡಾಕ್ಟರಲ್ಲಿ ಅದನ್ನು ವಾಪಸ್ ಕೇಳಬೇಕಾಯಿತು. ಒಬ್ಬರಿಗೆ ಹಲ್ಲು ಕಿತ್ತಾಗಿತ್ತು, ಅವರು ಹತ್ತಿ ಕಚ್ಚಿಕೊಂಡೇ ನಕ್ಕರು.

ಅತ್ತೆ ಹಳೇ ಫೋಟೋಗಳನ್ನೆಲ್ಲ ಮೊದಲು ಬೇರೆ ಕಡೆ ತೆಗೆದಿಟ್ಟರು. ಆಮೇಲೆ 'ಕೂರಿಸಿ' ಎಂಬ ಎರಡನೆಯ ಬಟನ್ ಒತ್ತಿ, ಬಂದ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿ, ಅರ್ಥ ಮಾಡಿಕೊಂಡು, ಮುಂದಕ್ಕೆ ಹೋದರು. ಇಪ್ಪತ್ತೈದು ನಿಮಿಷ. ಆಮೇಲೆ ನಾನು ಹಾಳೆ ನೋಡಿ ಓದಿ ಹೇಳುವುದು, ಅವರು ಟೈಪ್ ಮಾಡುವುದು, ಹೆಂಡತಿ ತಪ್ಪು ನೋಡುವುದು. ಅವರ ಬೆರಳಿನ ವೇಗಕ್ಕೆ ನನ್ನ ನಾಲಿಗೆ ಸಾಲದೆ ಮೂರು ಸಲ ಬೈಸಿಕೊಂಡೆ. ಸಂಜೆ ಚಹಾದ ಹೊತ್ತಿಗೆ ಎಲ್ಲ ಮುಗಿಯಿತು. ಸೋಮವಾರ ಹೆಡ್‌ಮಿಸ್ ಮೆಚ್ಚಿದರು, ಈಗ ನನ್ನ ಹೆಂಡತಿ ಉಪಮುಖ್ಯಸ್ಥೆ.

ಕಂಪ್ಯೂಟರನ್ನು ಈಗ ಆನ್ ಮಾಡಿದರೆ ಮೂರು ಹೆಸರು ಬರುತ್ತವೆ. ಒಂದು ಹೆಂಡತಿಯದು. ಇನ್ನೊಂದು ಅತ್ತೆಯದು, ಅದರಲ್ಲಿ ಸಕಲ ಅಧಿಕಾರವೂ ಉಂಟು. ಮೂರನೆಯದು 'ಅತಿಥಿ', ಅದು ನಾನು. ಅತಿಥಿ ಏನು ಬೇಕಾದರೂ ಮಾಡಬಹುದು, ಎದ್ದು ಹೋದ ಕೂಡಲೇ ಅವನು ಮಾಡಿದ್ದೆಲ್ಲ ಅಳಿಸಿಹೋಗುತ್ತದೆ. ನಿಮ್ಮ ಶುದ್ಧ ಸಿಸ್ಟಮ್ಮೇ ನಿಮಗೆ ಕೊಟ್ಟಿದ್ದೇವೆ ಎಂದರು ಅತ್ತೆ.

ಈ ನನ್ನ ಅಳಲನ್ನು ಅದರಲ್ಲೇ ಎರಡು ಸಲ ಬರೆದೆ, ಎರಡು ಸಲವೂ ಚಹಾ ಕುಡಿಯಲು ಎದ್ದು ಹೋದೆ. ಮೂರನೆಯ ಸಲ ಕಾಗದದ ಮೇಲೆ ಬರೆದು, ಸಂಕೋಚ ಬಿಟ್ಟು, ಟೈಪ್ ಮಾಡಿಕೊಡಿ ಎಂದು ಅತ್ತೆಗೇ ಕೊಟ್ಟೆ. ಪಾಪ, ಒಂದು ಮಾತಾಡದೆ ಮಾಡಿಕೊಟ್ಟರು. ಆದರೆ ಹಳೇ ಅಭ್ಯಾಸ ನೋಡಿ, ಒಂದು ಪ್ರತಿ ಹೆಚ್ಚಿಗೆ ತೆಗೆದು ಮಗಳಿಗೂ ಕೊಟ್ಟಿದ್ದಾರೆ.

ಒಳಗಿನಿಂದ ಈಗ ತಾನೇ ಕರೆ ಬಂತು. "ರೀ, ಸ್ವಲ್ಪ ಇಲ್ಲಿ ಬನ್ನಿ."