ಪಾಂಡಿಚೇರಿಗೆ ಹೋದ ಬುಟ್ಟಿ

ಬೆಳಗಿನ ಜಾವ ಟೂರಿನ ಬಸ್ಸು ಹಾರ್ನ್ ಹೊಡೆದಾಗ ಕೃಷ್ಣಕುಮಾರನಿಗೆ ಬ್ಯಾಗು ಸಿಗಲಿಲ್ಲ. ಕರೆಂಟೂ ಇರಲಿಲ್ಲ. ತಾನಿದ್ದ ಅತ್ತೆಮನೆಯ ಜಗಲಿಯಲ್ಲಿ ಕೈಗೆ ತಾಗಿದ ಬುಟ್ಟಿಗೆ ರೊಟ್ಟಿ, ಟವೆಲ್ಲು ತುರುಕಿಕೊಂಡು ಓಡಿದ. ಸಾಗರದ ಸೊಸೈಟಿಯೊಂದರಲ್ಲಿ ಗುಮಾಸ್ತನಾದ ಈ ಪುಣ್ಯಾತ್ಮ ಹುಟ್ಟಿದಾಗಿನಿಂದ ಯಾವ ಕೆಲಸವನ್ನೂ ನೋಡಿ ಮಾಡಿದವನಲ್ಲ.

ಬೆಳಕು ಹರಿದಾಗ ಬುಟ್ಟಿಯನ್ನು ಸರಿಯಾಗಿ ನೋಡಿದ. ಕೆಮ್ಮಣ್ಣು ಬಳಿದು, ಅಕ್ಕಿಹಿಟ್ಟಿನ ಗೆರೆಗಳಲ್ಲಿ ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿ ಅದು. ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊರುವುದು ಇದರಲ್ಲೇ, ಹುಣ್ಣಿಮೆ ಬರುವುದು ಈ ವಾರವೇ. ಬರೆದವಳು ಅತ್ತೆ ಬಂಗಾರಮ್ಮ. ಗೆರೆ ಅಳಿಸಿ ಹೋದರೆ ಆ ಮನೆಯಲ್ಲಿ ಅಳಿಯನಿಗೆ ಮತ್ತೆ ಮರ್ಯಾದೆಯ ಊಟವಿಲ್ಲ.

ಪಾಂಡಿಚೇರಿಯ ಹಳದಿ ಗೋಡೆಯ ಬೀದಿಗಳಲ್ಲಿ ಎಲ್ಲರೂ ಫ್ರೆಂಚರ ಬಂಗಲೆ ನೋಡಿದರೆ ಇವನು ಹಸುಗೂಸಿನ ಹಾಗೆ ಬುಟ್ಟಿ ಅಪ್ಪಿಕೊಂಡು ತಿರುಗಿದ. ಕರಕುಶಲ ಸಂತೆಯಲ್ಲಿ ಸಹೋದ್ಯೋಗಿ ರವೀಶ ಬಿಡಲಿಲ್ಲ. ಒಂದು ಟೋಪಿ ಹಾಕಿ ನೋಡು, ಬುಟ್ಟಿಯನ್ನೇನು ಕಾಗೆ ಕಚ್ಚಿಕೊಂಡು ಹೋಗುತ್ತದಾ ಎಂದ. ಕೃಷ್ಣಕುಮಾರ ಟವೆಲ್ಲು ಹೆಗಲಿಗೆ ಹಾಕಿ, ಖಾಲಿ ಬುಟ್ಟಿಯನ್ನು ಅಂಗಡಿಯ ಹಲಗೆಯ ಮೇಲಿಟ್ಟು ಕನ್ನಡಿಯತ್ತ ತಿರುಗಿದ. ಅಂಗಡಿಯವನಿಗೆ ಮಾಲು ತನ್ನದೋ ಅಲ್ಲವೋ ಎಂದು ನೋಡುವ ಪುರುಸೊತ್ತಿರಲಿಲ್ಲ. ಬುಟ್ಟಿ ಕೇಳಿದ ಯಾರೋ ಹೆಂಗಸಿಗೆ ಮಾರಿಬಿಟ್ಟಿದ್ದ.

ಆಮೇಲಿನ ಓಟ ಯಾವ ಶತ್ರುವಿಗೂ ಬೇಡ. ಎಲ್ಲ ಬೀದಿಗಳೂ ಒಂದೇ ಥರ. ಟೋಪಿಯ ಹಣ ಕೊಡಲಿಲ್ಲವೆಂದು ಅಂಗಡಿಯವನೂ ಬೆನ್ನು ಹತ್ತಿದ. ಕೊನೆಗೆ ಕಡಲ ದಂಡೆಯಲ್ಲಿ ಕೂತಿದ್ದಳು ಒಬ್ಬ ವಿದೇಶಿ ಅಜ್ಜಿ, ತೊಡೆಯ ಮೇಲೆ ಬುಟ್ಟಿ. ಒಂದೊಂದೇ ಗೆರೆಯ ಮೇಲೆ ಬೆರಳಾಡಿಸುತ್ತಿದ್ದಳು.

ರವೀಶ ತನಗೆ ಬಂದ ಇಂಗ್ಲಿಷಿನಲ್ಲಿ, ಇದು ಇವನ ಅತ್ತೆಯ ಕೊನೆಯ ನೆನಪು, ಅತ್ತೆ ಈಗಿಲ್ಲ ಎಂದುಬಿಟ್ಟ. ಕೃಷ್ಣಕುಮಾರನಿಗೆ ನಿಜವಾಗಿಯೇ ಅಳು ಬಂತು. ಅಜ್ಜಿಯೂ ಅತ್ತಳು. ಬುಟ್ಟಿ ಕೊಟ್ಟು, ಅಂಗಡಿಯವನಿಂದ ಹಣ ಹಿಂದಕ್ಕೆ ಪಡೆದು, ಬಾಡಿಗೆ ಕಾರು ಹತ್ತಿ ಹೊರಟೇ ಹೋದಳು.

ಹೋದ ಜೀವ ಬಂದಂತಾಗಿ ಅವನು ಮನೆಗೆ ಫೋನು ಹಚ್ಚಿದ. ಎತ್ತಿದ್ದು ಬಂಗಾರಮ್ಮನೇ. ನಡೆದದ್ದನ್ನೆಲ್ಲ ಒಪ್ಪಿಸಿ, ಪೂಜೆಯ ಬುಟ್ಟಿ ಕ್ಷೇಮವಾಗಿದೆ ಎಂದ.

"ಪೂಜೆ ಬುಟ್ಟಿ ಇಲ್ಲೇ ದೇವ್ರ ಮುಂದೆ ಐತಲ್ರಿ. ಜಗಲಿಯಾಗೆ ಇಟ್ಟಿದ್ದು ಮಾರಾಕೆ ಅಂತ ಬರ್ದಿದ್ದು. ಇಷ್ಟು ವರ್ಷದಾಗೆ ಒಬ್ರೂ ತಗಂಡಿರ್ಲಿಲ್ಲ."

ಕೃಷ್ಣಕುಮಾರ ಫೋನು ಕಿವಿಗಿಟ್ಟುಕೊಂಡೇ ರಸ್ತೆಗೆ ಓಡಿದ. ಕಾರು ಹೋದ ದಿಕ್ಕು ಯಾವುದೆಂದು ರವೀಶನಿಗೂ ಗೊತ್ತಿರಲಿಲ್ಲ. ಅತ್ತೆ ಬೈಯುತ್ತಾಳೆಂದು ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

"ಅವ್ರಿಗೆ ಇಷ್ಟ ಆಗಿತ್ತೇನ್ರಿ?"

"ಭಾಳ ಇಷ್ಟ ಆಗಿತ್ತು ಅತ್ತೆ."

"ಹಂಗಾದ್ರೆ ಯಾಕ್ ಕಿತ್ಕಂಡ್ರಿ ಅಳಿಯಂದ್ರೇ?"