ಅತ್ತೆ ಕಂಡ ಬೆನ್ನು

ನಮ್ಮ ಅತ್ತೆ ಇದುವರೆಗೆ ಹದಿನಾಲ್ಕು ಮಂದಿಗೆ ಗಲ್ಲುಶಿಕ್ಷೆ ಕೊಟ್ಟಿದ್ದಾಳೆ ಎಂದರೆ ನೀವು ನಂಬಲಿಕ್ಕಿಲ್ಲ! ಅದೂ ಅಂಕೋಲೆಯ ನಮ್ಮ ಮನೆಯ ಪಡಸಾಲೆಯಲ್ಲಿ, ಟಿ.ವಿ.ಯ ಎದುರು ಈಳಿಗೆಮಣೆ ಇಟ್ಟುಕೊಂಡು, ಬಂಗಡೆ ಹೆಚ್ಚುತ್ತ ಹೆಚ್ಚುತ್ತ. ಮೀನು ಪಡಸಾಲೆಗೆ ಬರಬಾರದು ಎಂಬ ಅಜ್ಜನ ಕಾಲದ ಕಟ್ಟಳೆಯನ್ನು ಮುರಿದವಳೂ ಅವಳೇ. ಅಪ್ಪನ ಅಕ್ಕ, ಮನೆಗೆ ಹಿರಿಯಳು, ಕೇಳುವವರು ಯಾರು?

ಕೊಲೆಗಳಿಗೆಲ್ಲ ಅವಳದೇ ಹೆಸರುಗಳು. ಲಿಫ್ಟಿನ ಕೊಲೆ, ಎರಡನೇ ಹೆಂಡತಿಯ ಕೊಲೆ, ಪಾಯಸದ ಕೊಲೆ. ಒಂದು ಹಬ್ಬದ ದಿನ ನಾವೆಲ್ಲ ಉಣ್ಣಲು ಕುಳಿತಾಗ ಅತ್ತೆ ಒಳಬಂದು, "ಪಾಯಸದವಳಿಗೆ ಜಾಮೀನು ಸಿಕ್ತಂತೆ!" ಎಂದು ಸಾರಿದಳು. ಬಡಿಸುತ್ತಿದ್ದ ನನ್ನ ಹೆಂಡತಿ ಸೌಟನ್ನು ಪಾತ್ರೆಯಲ್ಲೇ ಬಿಟ್ಟು ಒಳಗೆ ನಡೆದಳು. ಆ ದಿನ ಪಾಯಸ ಯಾರಿಗೂ ಇಳಿಯಲಿಲ್ಲ.

ಅಪರಾಧಿಯನ್ನು ಹಿಡಿಯುವ ಅವಳ ವಿಧಾನ ಬಲು ಸರಳ. ಆರೋಪಿ ಟವೆಲಿನಿಂದ ಮುಖ ಮುಚ್ಚಿಕೊಂಡರೆ, "ಕಂಡ್ಯಾ, ಮಾಡಿದ್ದಕ್ಕೇ ಮುಚ್ಕಂಡಾನೆ!" ಮುಚ್ಚಿಕೊಳ್ಳದಿದ್ದರೆ, "ಕಂಡ್ಯಾ, ಚೂರೂ ನಾಚಿಕಿಲ್ಲ!"

"ಹಾಗಾದ್ರೆ ತಪ್ಪು ಮಾಡದವ ಎಂತ ಮಾಡ್ಬೇಕು ಅತ್ತೆ?" ಎಂದು ಕೇಳಿದೆ.

"ಟಿ.ವಿ.ಲಿ ಬರೂಕಾಗ್ದು."

ಒಮ್ಮೆ ದೂರದ ಯಾವುದೋ ಊರಿನ ನ್ಯಾಯಾಲಯ ಲಿಫ್ಟಿನವನನ್ನು ನಿರ್ದೋಷಿ ಎಂದು ಬಿಟ್ಟುಬಿಟ್ಟಿತು. ಅತ್ತೆ ಮಧ್ಯಾಹ್ನದ ಊಟ ಬಿಟ್ಟಳು. ಸಂಜೆಗೆ ತುಸು ಸಮಾಧಾನವಾದ ಮೇಲೆ ಅವಳಿಗೆ ಕಾರಣ ಹೊಳೆಯಿತು. "ಆ ಜಡ್ಜ್ ಸಾಹೇಬ್ರು ಟಿ.ವಿ. ನೋಡೂದಿಲ್ಲ ಕಾಣ್ತದೆ!"

ನಾನು ಹುಟ್ಟು ಅಂಜುಬುರುಕ. ಆದರೂ ಇದನ್ನೆಲ್ಲ ಕಂಡು ನಗುತ್ತಿದ್ದೆ, ಕೊಲೆಗಳೆಲ್ಲ ದೂರದವಾಗಿದ್ದವಲ್ಲ! ನಗು ನಿಂತದ್ದು ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಒಂಟಿಯಾಗಿದ್ದ ನಿವೃತ್ತ ಮಾಸ್ತರರು ಕೊಲೆಯಾದ ದಿನ. ಅಂದು ನಸುಕಿನಲ್ಲಿ ಅಂಗಳ ಗುಡಿಸುತ್ತಿದ್ದ ಅತ್ತೆ, ಮಾಸ್ತರರ ಮನೆಯ ಕಡೆಯಿಂದ ಯಾರೋ ಸರಸರ ಹೋದದ್ದನ್ನು ನೋಡಿದ್ದಳು. ಪೊಲೀಸರಿಗೆ ಹೇಳುವಾಗ ನಾನು ಪಕ್ಕದಲ್ಲೇ ನಿಂತಿದ್ದೆ. "ಬೆನ್ನೊಂದೇ ಕಂಡದ್ದು ಮಾರಾಯ್ರೆ. ಯಾರು ಏನು ಗುತ್ತಾಗ್ಲಿಲ್ಲ" ಎಂದಿದ್ದಳು.

ನಾಲ್ಕನೇ ದಿನ ಹಾರವಾಡದ ಹುಡುಗನೊಬ್ಬನನ್ನು ಹಿಡಿದರು. ಪಂಪು ರಿಪೇರಿ ಮಾಡುವವನು, ಮಾಸ್ತರರ ಮನೆಗೆ ಆ ವಾರವೇ ಬಂದುಹೋಗಿದ್ದ. ಅವನು ಯಾರ ಮಗ ಗೊತ್ತೇ? ಇಪ್ಪತ್ತು ವರ್ಷಗಳಿಂದ ನಮ್ಮ ಮನೆಗೆ ಮೀನು ತರುವವಳ ಮಗ! ಅತ್ತೆಯನ್ನು 'ಬಾಯಿ' ಎಂದು ಕರೆಯುವ ಅವಳು ಬುಟ್ಟಿ ಹೊತ್ತು ಬಂದರೆ ಮೊದಲು ನಮ್ಮ ಮೆಟ್ಟಿಲಲ್ಲೇ ಇಳಿಸಬೇಕು, ದಿನದ ಮೊದಲ ವ್ಯಾಪಾರ, ಅಂದರೆ ಬೋಣಿ, ಅತ್ತೆಯ ಕೈಯಿಂದಲೇ ಆಗಬೇಕು. ಅತ್ತೆ ಬೋಣಿ ಮಾಡಿದ ದಿನ ಬುಟ್ಟಿಯಲ್ಲಿ ಒಂದು ಮೀನೂ ಉಳಿಯುವುದಿಲ್ಲ ಎಂದು ಅವಳ ನಂಬಿಕೆ.

ಟಿ.ವಿ.ಯವರು ಬಂದರು. ಯಾರಿಗೋ ಕೆಂಪು ಅಂಗಿ ಹಾಕಿಸಿ, ಓಣಿಯಲ್ಲಿ ಓಡಿಸಿ, ಅದನ್ನೇ ದಿನಕ್ಕೆ ನಲವತ್ತು ಸಲ ತೋರಿಸಿದರು. ನಡುನಡುವೆ ಹುಡುಗನ ಫೋಟೋ. ಅತ್ತೆಯೂ ಪೊರಕೆ ಹಿಡಿದು ಟಿ.ವಿ.ಯಲ್ಲಿ ಬಂದಳು. ಬರಬಾರದು ಎಂದವಳೇ! ಮೊದಲ ದಿನ ಅವಳು ಕಂಡಿದ್ದ ಬೆನ್ನಿನ ಮೇಲೆ, ಎರಡನೇ ಚಾನೆಲಿನವರು ಬರುವಷ್ಟರಲ್ಲಿ, ಕೆಂಪು ಅಂಗಿ ಬಂದಿತ್ತು. ಮೂರನೆಯವರು ಬಂದಾಗ ಬೆನ್ನು ಮೆಲ್ಲಗೆ ಅರ್ಧ ತಿರುಗಿತು. ಪೊಲೀಸರು ಮತ್ತೊಮ್ಮೆ ಬರೆದುಕೊಳ್ಳಲು ಬಂದಾಗ ಪೂರ್ತಿ ತಿರುಗಿ, ಮುಖವಾಗಿ, ಮುಖದ ಮೇಲೆ ಫೋಟೋದಲ್ಲಿದ್ದ ಚಿಗುರು ಮೀಸೆಯೂ ಮೂಡಿತ್ತು.

"ಅತ್ತೆ, ನೀ ಮೊದ್ಲು ಬೆನ್ನು ಅಂದಿದ್ಯಲ್ಲೇ?"

"ಆವಾಗ ಸಮಾ ನೆನಪಾಗ್ಲಿಲ್ಲ ತಮಾ. ಟಿ.ವಿ. ನೋಡಿದ ಮೇಲೆ ನೆನಪಾಯ್ತು!"

ಇದಕ್ಕೆ ನಗಬೇಕೋ ಅಳಬೇಕೋ? ಮೀನಿನವಳು ಗೇಟಿನ ಹತ್ತಿರ ಬಂದು ನಿಂತರೆ ಅತ್ತೆ ಬಾಗಿಲು ಹಾಕಿಕೊಂಡಳು. ಮೂರು ದಿನ ಹಾಗಾಯಿತು. ನಾಲ್ಕನೇ ದಿನದಿಂದ ಅವಳ ಕೂಗು ನಮ್ಮ ಓಣಿಯನ್ನೇ ಬಿಟ್ಟಿತು. ಕೊನೆಗೊಂದು ದಿನ ಕಾರವಾರದ ಕೋರ್ಟಿನಿಂದ ಅತ್ತೆಗೆ ಸಮನ್ಸ್ ಬಂತು. ಅವಳು ಹೊಸ ಸೀರೆ ತೆಗೆದಿಟ್ಟಳು. ನನಗೆ ಅನ್ನ ಸೇರಲಿಲ್ಲ. ಇವಳ ಒಂದು ಮಾತಿಗೆ ಆ ಹುಡುಗನ ಜೀವಮಾನವೆಲ್ಲ ಜೈಲಿನಲ್ಲಿ ಕಳೆದರೆ? ಮೊದಲು ಹೇಳಿದ್ದೇನೆಂದು ಬಲ್ಲ ನಾನು ಸುಮ್ಮನಿದ್ದೆನಲ್ಲ, ಆ ಪಾಪದಲ್ಲಿ ನನಗೂ ಪಾಲಿಲ್ಲವೇ?

ಸಾಕ್ಷಿ ಹೇಳುವ ದಿನ ಬಸ್ಸಿನಲ್ಲಿ ಹಾರವಾಡ ಕ್ರಾಸಿಗೆ ಬರುವವರೆಗೂ ಇದೇ ಚಿಂತೆ. ಅಲ್ಲಿ ಹಿಂದಿನ ಬಾಗಿಲಿನಿಂದ ಹತ್ತಿದ ಹೆಂಗಸೊಬ್ಬಳು ನಮ್ಮನ್ನು ದಾಟಿ, ಮುಂದಿನ ಸೀಟಿನಲ್ಲಿ ಬೆನ್ನು ಹಾಕಿ ಕುಳಿತಳು. ನಾನು ತಡೆಯಲಾರದೆ, "ಅತ್ತೆ, ಅಲ್ಲಿ ಎಂತ ಹೇಳ್ತಿ?" ಎಂದೆ.

"ಎಂತ ಹೇಳೂದು? ಅಂವನೇ ಹೌದು ಹೇಳ್ತೆ. ನನ್ನ ಕಣ್ಣು ಅಂದ್ರೆ ಎಂತ ಅಂದ್ಕಂಡಿದ್ದೆ ನೀ? ಒಂದ್ಸಲ ನೋಡಿದವ್ರನ್ನ ಹಿಂದಿಂದ ಕಂಡ್ರೂ ಗುರ್ತ ಹಿಡೀತೆ!"

ಮುಂದಿನ ಸೀಟಿನ ಬೆನ್ನು ಅಲುಗಲಿಲ್ಲ. ಅಮದಳ್ಳಿ ದಾಟಿತು. ಅತ್ತೆ ಅಂಗಿಯ ಬಣ್ಣ, ಮೀಸೆ, ಎಲ್ಲವನ್ನೂ ಮತ್ತೊಮ್ಮೆ ಒಪ್ಪಿಸಿದಳು. ಕಾರವಾರದಲ್ಲಿ ಬಸ್ಸು ನಿಂತಾಗ ಆ ಹೆಂಗಸು ಎದ್ದು ನಮ್ಮ ಕಡೆ ತಿರುಗಿದಳು.

"ಬಾಯಿ, ಕೋರ್ಟಿಗೆ ಹೋಗೂಕೆ ಇಲ್ಲೇ ಇಳೀಬೇಕು" ಎಂದಳು ನಮ್ಮ ಮೀನಿನವಳು.

ತಲೆಯ ಮೇಲೆ ಬುಟ್ಟಿ ಇರಲಿಲ್ಲ. ಅಷ್ಟಕ್ಕೇ, ಇಪ್ಪತ್ತು ವರ್ಷ ದಿನಾ ಕಂಡವಳನ್ನು ಒಂದು ಮೊಳದ ದೂರದಿಂದ, ಹಾಡಹಗಲಲ್ಲಿ, ನಾನಿರಲಿ, ಅತ್ತೆಯೂ ಗುರುತು ಹಿಡಿದಿರಲಿಲ್ಲ. ಬಸ್ಸಿಳಿದು ನನ್ನ ತೋಳು ಹಿಡಿದವಳು ಕೋರ್ಟಿನ ಮೆಟ್ಟಿಲವರೆಗೂ ಬಿಡಲಿಲ್ಲ.

ಸರ್ಕಾರಿ ವಕೀಲರು ಹುಡುಗನನ್ನು ತೋರಿಸಿ, "ನೀವು ಕಂಡದ್ದು ಇವನನ್ನೇ ಅಲ್ಲವೇ?" ಎಂದರು. ಅತ್ತೆ ತುಂಬ ಹೊತ್ತು ನೋಡಿದಳು.

"ಬೆನ್ನು ನಾ ಕಂಡದ್ದು ಸಾಹೇಬ್ರೆ. ಮೊಕ ಟಿ.ವಿ.ಯವ್ರದ್ದು."

ವಕೀಲರ ಮುಖ ಇಷ್ಟೇ ಇಷ್ಟಾಯಿತು. ಪೊಲೀಸರಿಗೆ ಬೇರೆ ಹೇಳಿದ್ದಿರಲ್ಲ ಎಂದು ಗದರಿದರು. "ಹೇಳಿದ್ದೆ. ತಪ್ಪು ಹೇಳಿದ್ದೆ" ಎಂದಳು. ನ್ಯಾಯಾಧೀಶರು ಕನ್ನಡಕದ ಮೇಲಿನಿಂದ ನೋಡುತ್ತ, "ಟಿ.ವಿ. ಬಹಳ ನೋಡ್ತೀರೇನಮ್ಮ?" ಎಂದು ಕೇಳಿದರು.

"ನೋಡ್ತೆ ಸಾಹೇಬ್ರೆ" ಎಂದು ಅತ್ತೆ ಕೈಮುಗಿದಳು. "ನೀವು ಮಾತ್ರ ನೋಡ್ಬೇಡಿ."

ಕೇಸು ಇನ್ನೂ ಮುಗಿದಿಲ್ಲ. ಹುಡುಗ ಮಾಡಿದ್ದಾನೋ ಇಲ್ಲವೋ ನನಗೆ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಅವಳು ಒಪ್ಪಿಕೊಂಡದ್ದು ನಮ್ಮ ಮನೆಯ ಚರಿತ್ರೆಯಲ್ಲೇ ಮೊದಲು! ಮಾರನೇ ದಿನದಿಂದ ಬೆಳಿಗ್ಗೆ ಟಿ.ವಿ. ಹಾಕದೆ ಮೆಟ್ಟಿಲ ಮೇಲೆ ಕೂತು ಕಾಯತೊಡಗಿದಳು. ಒಂದು ವಾರ ಯಾರೂ ಬರಲಿಲ್ಲ. ಎಂಟನೇ ದಿನ, ಬಿಸಿಲೇರಿದ ಮೇಲೆ, ಓಣಿಯ ತುದಿಯಲ್ಲಿ ಹಳೆಯ ಕೂಗು ಕೇಳಿತು. ಅವಳು ಗೇಟು ತೆರೆದು ಬಂದು, ಮೆಟ್ಟಿಲಲ್ಲಿ ಬುಟ್ಟಿ ಇಳಿಸಿದಳು.

"ಬೋಣಿ ಆಯ್ತನೇ?" ಅತ್ತೆಯ ದನಿ ಒಡೆದಿತ್ತು.

"ಇಲ್ಲ ಬಾಯಿ. ನಿಮ್ಮದೇ ಆಗ್ಬೇಕು."

ಬುಟ್ಟಿ ಮುಕ್ಕಾಲು ಖಾಲಿಯಾಗಿತ್ತು. ತಳದಲ್ಲಿ ನಾಲ್ಕೈದು ಬಂಗಡೆಗಳಷ್ಟೇ ಇದ್ದವು. ಅತ್ತೆಯೂ ಅದನ್ನು ಕಣ್ಣಾರೆ ಕಂಡಳು, ಆದರೂ ಬೋಣಿಗೆಂದು ಸೆರಗಿನ ಗಂಟು ಬಿಚ್ಚಿದಳು.