ಬಾಟ್ಲಿಗೆ ಸುತ್ತಿದ ಹನುಮಂತನ ಬಾಲ

ನಾನು ಕುಂಚ ಹಿಡಿದಲ್ಲಿ ಏನಾದರೊಂದು ಫಜೀತಿ ಆಗದೆ ಉಳಿದದ್ದೇ ಇಲ್ಲ. ಸಾಲೆಯ ಮೆಟ್ಟಿಲು ಹತ್ತಿದವನಲ್ಲ ನಾನು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಮೂರೂ ಸೀಮೆಯಲ್ಲಿ ನನ್ನಂಥ ಚಿತ್ರಗಾರ ಆಗ ಇರಲಿಲ್ಲ, ಈಗಲೂ ಇಲ್ಲ. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಒಂದೆರಡು ವರ್ಷವಾದಾಗಿನ ಮಾತು ಇದು.

ದೇವರ ಕೋಣೆ ಸೇರಿದ ಬಾಟ್ಲಿ

ಬನವಾಸಿ ಕಡೆಯ ಧಣಿಯೊಬ್ಬರು ಶಿರಸಿ ಪೇಟೆಯಲ್ಲಿ ಮುರುಗಲ ಹಣ್ಣಿನ ಶರಬತ್ತು ಮಾರುತ್ತಿದ್ದರು. ಕುಡಿದವರು ಖಾಲಿ ಬಾಟ್ಲಿ ವಾಪಸ್ ತರಬೇಕು, ಅದನ್ನೇ ತೊಳೆದು ಮತ್ತೆ ತುಂಬಬೇಕು.

"ಕುಡದ್ರ ಶಕ್ತಿ ಬರ್ತೈತಿ ಅಂತ ನೋಡಿದ ಕೂಡ್ಲೆ ತಿಳೀಬೇಕು. ಬಾಟ್ಲಿ ಮ್ಯಾಲ ಹಣಮಪ್ಪನ್ನ ಬರಿ" ಎಂದರು.

ಕೆಮ್ಮಣ್ಣಿಗೆ ಗೋಂದು ಕಲಸಿ ಗುಡ್ಡ ಹೊತ್ತ ಹನುಮಂತನನ್ನು ಬರೆದೆ. ಎಂಥ ಜೀವಕಳೆ ಅಂತೀರಿ! ಒಣಗಲು ಇಟ್ಟಾಗ ಮಾಡಿನ ಮೇಲಿನ ಮಂಗಗಳೆಲ್ಲ ಇಳಿದು ಬಂದು ಎದುರಿಗೆ ಸಾಲಾಗಿ ಕೂತವು. ಸುಳ್ಳಲ್ಲ.

ವಾರದಲ್ಲಿ ಅರ್ಧದಷ್ಟು ಬಾಟ್ಲಿಗಳು ಖರ್ಚಾದವು. ಒಂದೂ ತಿರುಗಿ ಬರಲಿಲ್ಲ. ಗಿರಾಕಿಯೊಬ್ಬರ ಮನೆಗೇ ಹೋಗಿ ಕೇಳಿದೆ.

"ಹನುಮಂತನ್ನ ನಾನು ದೇವರ ಕೋಣೆಲಿ ಕೂರ್ಸಿದ್ದಿ ಮಾರಾಯ. ಎಬ್ಬಿಸಿ ಕೊಡು ಅಂದ್ರೆ ಹ್ಯಾಂಗೆ? ಮಂಗಳಾರತಿ ತಗಂಡು ಹೋಗು."

ಅಂಗಡಿಗೆ ಬಂದರೆ ಧಣಿ, "ಎಲ್ಲೈತೋ ಬಾಟ್ಲಿ?" ಎಂದರು.

"ಪ್ರಸಾದ ತಂದಿದ್ದೇನೆ" ಎಂದೆ.

ಅಜ್ಜಿಯ ಹಾಲು

"ಹಣ್ಣು ಕೊಳಿಯಾಕ ಹತ್ಯಾವು, ತುಂಬಾಕ ಬಾಟ್ಲಿ ಸಾಲೂದಿಲ್ಲ. ಹಿಂಗಾದ್ರ ಅಂಗಡಿ ಮುಚ್ಚೂದ ಸೈ" ಎಂದು ಧಣಿ ತಲೆಯ ಮೇಲೆ ಕೈಹೊತ್ತರು. "ಚಿತ್ರ ಕಮ್ಮಿ ಮಾಡು. ಪೂಜಿ ಮಾಡೂವಷ್ಟು ದೇವ್ರು ಇರಬಾರ್ದು."

ಉಳಿದ ಬಾಟ್ಲಿಗಳನ್ನು ಹಿಡಿದು ಕೂತೆ. ಗುಡ್ಡ ತೆಗೆದೆ. ಮುಖ ತೆಗೆದೆ. ಮೈ ತೆಗೆದೆ. ಉಳಿದದ್ದು ಬಾಲ. ಬುಡದಿಂದ ಕುತ್ತಿಗೆಯವರೆಗೆ ಮೂರು ಸುತ್ತು, ಕುಂಚ ಎತ್ತದೆ ಒಂದೇ ಗೆರೆ! ಬ್ರಹ್ಮನಿಗೂ ಕೈ ನಡುಗಬೇಕು.

ಅವನ್ನು ಮಾರಲು ಸಿದ್ದಾಪುರಕ್ಕೆ ಒಯ್ದರೆ ಅಲ್ಲಿ ಒಬ್ಬ ಅಜ್ಜಿ ಹೌಹಾರಿದಳು. "ಎಂತದೋ ತಮಾ, ಹಾವು ಸುತ್ತಿದ ಬಾಟ್ಲಿ!"

"ಹಾವಲ್ಲ ಅಜ್ಜಿ, ಹನುಮಂತನ ಬಾಲ."

"ಹಂಗಾರೆ ಹನುಮಂತ ಎಲ್ಲಿದ್ದ?"

"ಹಿಂದೆ ಅಡಗಿದ್ದಾನೆ."

ಅಜ್ಜಿ ಬಾಟ್ಲಿ ತಿರುಗಿಸಿ ನೋಡಿ, "ಇಲ್ಲೂ ಇಲ್ಲೆ" ಎಂದಳು.

ಎರಡು ದಿನ ಬಿಟ್ಟು ಖಾಲಿ ಬಾಟ್ಲಿ ತರಲು ಹೋದರೆ, ಶರಬತ್ತು ಕುಡಿದು, ಬಾಟ್ಲಿಗೆ ಹಾಲು ತುಂಬಿ ನಾಗರಕಲ್ಲಿನ ಎದುರು ಇಟ್ಟುಬಿಟ್ಟಿದ್ದಳು. ನಾಗಬನಕ್ಕೆ ಕೈಹಾಕುವ ಧೈರ್ಯ ನನಗಿತ್ತು. ಚಪ್ಪಲಿ ಹೊರಗೆ ಬಿಡಬೇಕಲ್ಲ, ಕಳವಾದೀತೆಂದು ಹೋಗಲಿಲ್ಲ, ಅಷ್ಟೇ.

ಮುನ್ನೂರು ಬಾಲ

ಕೊನೆಯ ಬಾಟ್ಲಿಗಳು ಯಲ್ಲಾಪುರಕ್ಕೆ. ಹಾವಲ್ಲವೆಂದು ತಿಳಿಯಲಿ ಎಂದು ಬಾಲದ ತುದಿಗೆ ಬೆಂಕಿಯ ಒಂದೇ ಒಂದು ಚುಕ್ಕೆ ಇಟ್ಟೆ.

ನಾಲ್ಕನೇ ದಿನ ಬೆಳಗಾಗುವಾಗ ಅಂಗಡಿ ಎದುರು ಜನರ ಸಾಲು. ಎಲ್ಲರ ಕೈಯಲ್ಲೂ ಬಾಟ್ಲಿ. ಯಲ್ಲಾಪುರದ ವಜ್ರಳ್ಳಿ ಕಡೆಯವರೊಬ್ಬರು ಏದುಸಿರು ಬಿಡುತ್ತ, "ತಗಳಿ ನಿಮ್ಮ ಹನುಮಂತನ್ನ! ನಮ್ಮದು ಹುಲ್ಲು ಹೊದೆಸಿದ ಮಾಡು. ಬಾಲಕ್ಕೆ ಬೆಂಕಿ ಹಚ್ಚಿಕೊಂಡವನ್ನ ಒಳಗೆ ಇಟ್ಕಂಬಲೆ ನಾವೆಂತ ರಾವಣನ ಮನೆಯವ್ರಾ?" ಎಂದರು. ಕೆಲವರಂತೂ ಬೂಚು ಸಹ ಬಿಚ್ಚದೆ ತುಂಬಿದ ಬಾಟ್ಲಿಯನ್ನೇ ತಂದಿದ್ದರು.

ಸುದ್ದಿ ಹಬ್ಬಿ, ಶಿರಸಿಯವರ ದೇವರ ಕೋಣೆಯಿಂದಲೂ ಹನುಮಂತ ಎದ್ದು ಬಂದ. 'ಇವತ್ತು ಗುಡ್ಡ ಹೊತ್ತವ ನಾಳೆ ಬೆಂಕಿ ಹಚ್ಚಲಾರನೇ' ಎಂದು ಅವರಿಗೆ ಭಯ. ಸಿದ್ದಾಪುರದ ಅಜ್ಜಿ ಬಾಟ್ಲಿ ಹಿಡಿದು ಬಸ್ಸು ಹತ್ತಿ ತಾನೇ ಬಂದಳು.

ಧಣಿ ಕುಣಿದಾಡಿದರು. ಆಮೇಲೆ ಮೇಲೆ ನೋಡಿದರು. ಅವರ ಅಂಗಡಿಯದ್ದೂ ಹುಲ್ಲಿನ ಮಾಡೇ.

"ಲೇ! ಮುನ್ನೂರು ಬಾಲ ಒಂದ ಮಾಡಿನ ಕೆಳಗ!" ಎಂದವರೇ ಅಷ್ಟೂ ಬಾಟ್ಲಿ ಹೊತ್ತು ನೀರಿನ ತೊಟ್ಟಿಯಲ್ಲಿ ಮುಳುಗಿಸಿದರು. ನನ್ನ ಕೆಮ್ಮಣ್ಣೆಲ್ಲ ಕರಗಿ ನೀರಾಯಿತು.

"ಧಣಿ, ನನ್ನ ಚಿತ್ರ!"

"ಹಣಮಪ್ಪನೂ ಸಮುದ್ರದಾಗ ಅದ್ದೇ ಬಾಲ ಆರಿಸಿದ್ದ. ಸುಮ್ನಿರು."

ಅಂದಿನಿಂದ ಬಾಟ್ಲಿಯ ಮೇಲೆ ಏನೂ ಇಲ್ಲ. ಎಲ್ಲವೂ ತಪ್ಪದೆ ವಾಪಸ್ ಬಂದವು, ಅಂಗಡಿಯೂ ಉಳಿಯಿತು. ಒಮ್ಮೆ ಒಬ್ಬರು ಬಾಟ್ಲಿ ಎತ್ತಿ ಹಿಡಿದು, "ಇದರ ಮೇಲೆ ಹನುಮಂತನ್ನ ಬರೆದವ ನೀನೇಯನಾ? ಎಂತದೂ ಕಾಣ್ತಿಲ್ಲೆ?" ಎಂದು ಕೇಳಿದರು.

"ಗುಡ್ಡ ತರಲಿಕ್ಕೆ ಹೋಗಿದ್ದಾನೆ" ಎಂದೆ, "ಕೂತಿರಿ, ಬರ್ತಾನೆ."